ಚರ್ಚ್ ಹಾಲಿನ ಬಾಗಿಲು ತೆರೆಯುವ ಮೊದಲು ಹಿಂದಿನ ಬರೆ ನೋಡಿ

ಕೊಡಗಿನಲ್ಲಿ ಬಹಳಷ್ಟು ಚರ್ಚುಗಳು ಏರು ಜಾಗದಲ್ಲಿವೆ. ಹೊಳೆ ಉಕ್ಕಿದಾಗ ಅಕ್ಕಪಕ್ಕದವರು ಗಂಟುಮೂಟೆ ಹೊತ್ತು ಅಲ್ಲಿಗೇ ಹತ್ತಿ ಬರುತ್ತಾರೆ. ಫಾದರ್ ಹಾಲಿನ ಬೀಗ ತೆಗೆಸುತ್ತಾರೆ. ಯಾರೂ ಹಾಲಿನ ಹಿಂಬದಿಗೆ ಹೋಗಿ ನೋಡುವುದಿಲ್ಲ.

ನೋಡಬೇಕು. ನಮ್ಮ ಕಡೆ ಹಾಲ್ ಕಟ್ಟುವುದೆಂದರೆ ಗುಡ್ಡ ಕಡಿದು ಮಟ್ಟ ಮಾಡುವುದು. ಹಾಗಾಗಿ ಹಿಂದೆ ಹತ್ತು ಹದಿನೈದು ಅಡಿಯ ಬರೆ, ಅಂದರೆ ಗುಡ್ಡ ಕಡಿದಲ್ಲಿ ನೆಟ್ಟಗೆ ಉಳಿದ ಮಣ್ಣಿನ ಗೋಡೆ, ಇದ್ದೇ ಇರುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿದ್ದನ್ನು, 2019ರಲ್ಲಿ ತೋರ ಗ್ರಾಮದಲ್ಲಿ ಆದದ್ದನ್ನು, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದದ್ದನ್ನು ಕಂಡ ಮೇಲೂ ಬರೆಯ ಬುಡದಲ್ಲಿ ಜನರನ್ನು ಮಲಗಿಸುವುದು ಸರಿಯಲ್ಲ. ತಡೆಗೋಡೆ ಇದ್ದರೆ ಅದರ ತೂತುಗಳಿಂದ ನೀರು ಹರಿಯುತ್ತಿದೆಯೇ ನೋಡಿ. ಧೋ ಎಂದು ಮಳೆ ಸುರಿಯುವಾಗಲೂ ಆ ತೂತುಗಳು ಒಣಗಿದ್ದರೆ ಖುಷಿಪಡುವಂತಿಲ್ಲ. ಅವು ಮಣ್ಣು ಕಟ್ಟಿಕೊಂಡಿವೆ, ನೀರೆಲ್ಲ ಗೋಡೆಯ ಹಿಂದೆ ನಿಂತು ತಳ್ಳುತ್ತಿದೆ ಎಂದೇ ಅರ್ಥ. ಆಮೇಲೆ ಬರೆಯ ನೆತ್ತಿಯ ಮೇಲಕ್ಕೆ ಹೋಗಿ. ನೆಲದಲ್ಲಿ ಬಿಲ್ಲಿನಾಕಾರದ ಬಿರುಕು, ನೆಟ್ಟಗಿದ್ದ ಸಿಲ್ವರ್ ಓಕ್ ಓರೆಯಾಗಿರುವುದು, ಹಿಂದೆಂದೂ ಇಲ್ಲದ ಜಾಗದಲ್ಲಿ ಕೆಸರು ನೀರಿನ ಒರತೆ, ಮಳೆ ಕಡಿಮೆಯಾಗದೆ ತೋಡಿನ ನೀರು ಮಾತ್ರ ಒಮ್ಮೆಲೇ ಇಳಿದಿರುವುದು, ಇವುಗಳಲ್ಲಿ ಒಂದು ಕಂಡರೂ ಹಾಲ್ ತೆರೆಯಬೇಡಿ. 1077ಕ್ಕೆ ಫೋನ್ ಮಾಡಿ ಜಿಲ್ಲಾ ನಿಯಂತ್ರಣ ಕೊಠಡಿಗೆ ತಿಳಿಸಿ, ಬಂದವರನ್ನು ಶಾಲೆಗೋ ಸಮುದಾಯ ಭವನಕ್ಕೋ ಸಾಗಿಸಿ. ಅಡುಗೆ ಪಾತ್ರೆಗಳನ್ನೂ ಅಲ್ಲಿಗೇ ಒಯ್ಯಬಹುದು.

ಹಾಲ್ ಸರಿಯಿದೆ ಎಂದಿಟ್ಟುಕೊಳ್ಳೋಣ. 60 ಅಡಿ ಉದ್ದ, 30 ಅಡಿ ಅಗಲ, ಅಂದರೆ 1800 ಚದರ ಅಡಿ. ವಿಪತ್ತಿನ ಕೆಲಸದಲ್ಲಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಲೆಕ್ಕ ಒಬ್ಬರಿಗೆ 3.5 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 38 ಚದರ ಅಡಿ. ಹಾಗೆ ನೋಡಿದರೆ ಆ ಹಾಲಿಗೆ 47 ಜನ. ಮದುವೆ ಊಟಕ್ಕೆ ಮುನ್ನೂರು ಜನ ಕೂತ ಹಾಲ್ ಇದು, ನೂರೈವತ್ತು ಜನಕ್ಕೇನು ಕಡಿಮೆ ಎಂದು ಸೇರಿಸಿಕೊಳ್ಳುತ್ತಾರೆ. ಊಟಕ್ಕೆ ಕೂರುವುದು ಬೇರೆ, ಒದ್ದೆ ಬಟ್ಟೆ ಒಣಹಾಕಿಕೊಂಡು ಹದಿನೈದು ದಿನ ಮಲಗಿ ಏಳುವುದು ಬೇರೆ. ನಾಲ್ಕನೇ ದಿನ ಒಬ್ಬರ ಕೆಮ್ಮು ಎಲ್ಲರದ್ದಾಗುತ್ತದೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. 47 ಜನಕ್ಕೆ 700 ಲೀಟರ್, ಒಂದು ಸಾವಿರ ಲೀಟರಿನ ಟ್ಯಾಂಕ್ ಸಾಕು. ಇಪ್ಪತ್ತು ಜನಕ್ಕೆ ಒಂದು ಕಕ್ಕಸು, ಗಂಡಸರಿಗೊಂದಾದರೆ ಹೆಂಗಸರಿಗೆ ಮೂರು ಎಂಬ ಪ್ರಮಾಣದಲ್ಲಿ. ಇರುವುದೇ ಎರಡಾದರೆ ಎರಡನ್ನೂ ಹೆಂಗಸರಿಗೆ ಬಿಟ್ಟು, ಗಂಡಸರಿಗೆ ಫಾದರ್ ಬಂಗಲೆಯದ್ದನ್ನು ತೆರೆಯುವುದು ಒಳ್ಳೆಯದು. ಕಕ್ಕಸಿನ ದಾರಿಗೆ ರಾತ್ರಿಯಿಡೀ ಬೆಳಕಿರಬೇಕು. ಕರೆಂಟ್ ಹೋದರೆ ವಾರಗಟ್ಟಲೆ ಬಾರದ ಊರು ನಮ್ಮದು. ಜನರೇಟರನ್ನು ಮಳೆ ಬೀಳುತ್ತದೆಂದು ವರಾಂಡದೊಳಗೆ ಇಡುವವರಿದ್ದಾರೆ. ಅದರ ಹೊಗೆಗೆ ಬಣ್ಣವೂ ಇಲ್ಲ, ವಾಸನೆಯೂ ಸಾಲದು, ಮಲಗಿದವರು ಏಳದೇ ಹೋಗಬಹುದು. ಹೊರಗೆ, ಕಿಟಕಿಗಳಿಂದ ದೂರ, ತಗಡಿನ ಮಾಡು ಹಾಕಿ ಇಡಿ.

ಬಾಗಿಲಲ್ಲಿ ಒಂದು ಮೇಜು, ಒಂದು ಉದ್ದನೆಯ ನೋಟ್‌ಬುಕ್. ಸಂಕಟದಲ್ಲಿ ಬಂದವರನ್ನು ತಡೆದು ಹೆಸರು ಕೇಳುವುದು ಅಮಾನವೀಯ ಎಂದು ಕೆಲವರಿಗೆ ಅನಿಸುತ್ತದೆ. ಆದರೆ ಮುಂದೆ ಮನೆಯ ಪರಿಹಾರಕ್ಕೆ ಅರ್ಜಿ ಹಾಕುವಾಗ "ಇವರು ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿದ್ದರು" ಎಂದು ಹೇಳುವ ಒಂದೇ ಕಾಗದ ಈ ನೋಟ್‌ಬುಕ್ ಆಗಿರುತ್ತದೆ. ಮನೆಯ ಯಜಮಾನರ ಹೆಸರು, ಊರು, ಲೈನ್ ಮನೆಯಾದರೆ (ತೋಟದ ಕೂಲಿಯವರ ಸಾಲುಮನೆ) ತೋಟದ ಹೆಸರು, ಎಷ್ಟು ಜನ, ವಯಸ್ಸು, ನಿತ್ಯ ನುಂಗುವ ಮಾತ್ರೆ, ಫೋನ್ ನಂಬರ್, ಬಂದ ದಿನ, ಹೋದ ದಿನ ಮತ್ತು ಎಲ್ಲಿಗೆ ಹೋದರು ಎನ್ನುವುದು. ಕೊನೆಯ ಕಾಲಂ ಬಿಟ್ಟುಬಿಡುವವರೇ ಹೆಚ್ಚು, ಮುಂದೆ ಬೇಕಾಗುವುದೂ ಅದೇ. ಜಾತಿ, ಧರ್ಮದ ಕಾಲಂ ಬೇಡವೇ ಬೇಡ. ಮೇಜಿನಲ್ಲಿ ಕೂರುವವರಿಗೆ ಕನ್ನಡದ ಜೊತೆ ಮಲಯಾಳ ಬಂದರೆ ಅನುಕೂಲ. ಕೊಡವ ತಕ್ಕ್, ಅರೆಭಾಷೆ ಬಲ್ಲವರು ಹೇಗೂ ಸಿಗುತ್ತಾರೆ. ಸಿಗದಿರುವುದು ಅಸ್ಸಾಮಿನ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಾತು ಬಲ್ಲವರು. ಹಿಂದಿ ತಿಳಿದ ಸಿಸ್ಟರ್ ಒಬ್ಬರನ್ನು ಅವರಿಗೆಂದೇ ಇಡಬೇಕು, ಇಲ್ಲದಿದ್ದರೆ ಅವರು ಮೂಲೆಯಲ್ಲಿ ಕೂತು ಸುಮ್ಮನಿದ್ದುಬಿಡುತ್ತಾರೆ.

ಹಾಲ್ ತೆರೆದ ಮೊದಲ ದಿನವೇ ತಹಶೀಲ್ದಾರರಿಗೆ ಬರೆದು ತಿಳಿಸಿ. ಅವರ ಪಟ್ಟಿಗೆ ಕಾಳಜಿ ಕೇಂದ್ರ ಎಂದು ಸೇರಿದರೆ ಅಕ್ಕಿ, ಬೇಳೆ, ಆರೋಗ್ಯ ಸಿಬ್ಬಂದಿ ಬರುತ್ತಾರೆ. ಸೇರದಿದ್ದರೆ ಇಲ್ಲಿ ಉಳಿದವರು ಸರ್ಕಾರದ ಲೆಕ್ಕದಲ್ಲಿ ಎಲ್ಲಿಯೂ ಇಲ್ಲದವರು.

ಅಡುಗೆಯ ವಿಷಯ. ಹಬ್ಬದ ಊಟ ಮಾಡಿ ಪಳಗಿದ ಚರ್ಚಿನವರಿಗೆ ಇದೇನು ಮಹಾ ಎನಿಸಬಹುದು. ಹಬ್ಬ ಒಂದು ದಿನ, ಇದು ದಿನಕ್ಕೆ ಮೂರು ಹೊತ್ತು. ನೂರು ಜನರ ಒಂದು ಹೊತ್ತಿನ ಅನ್ನಕ್ಕೆ 12 ಕಿಲೋ ಅಕ್ಕಿ, ಸಾಂಬಾರಿಗೆ 3 ಕಿಲೋ ತೊಗರಿಬೇಳೆ, 8 ಕಿಲೋ ತರಕಾರಿ. ಬೆಳಿಗ್ಗೆ ಉಪ್ಪಿಟ್ಟಾದರೆ 7 ಕಿಲೋ ರವೆ. ಚಹಾಕ್ಕೆ 6 ಲೀಟರ್ ಹಾಲು, ಒಂದೂವರೆ ಕಿಲೋ ಸಕ್ಕರೆ, ಕಾಲು ಕಿಲೋ ಪುಡಿ. 19 ಕಿಲೋದ ಸಿಲಿಂಡರ್ ಒಂದೂವರೆ ದಿನ, ಹೆಚ್ಚೆಂದರೆ ಎರಡು ದಿನ ಬರುತ್ತದೆ, ಆದ್ದರಿಂದ ಸದಾ ಎರಡು ತುಂಬಿದವು ಇರಲಿ. ಮೈಸೂರು ಕಡೆಯಿಂದ ಬರುವ ಅಕ್ಕಿ ಬೆಳ್ತಿಗೆ, ನಮ್ಮಲ್ಲಿ ಅರ್ಧ ಜನ ಉಣ್ಣುವುದು ಕುಚ್ಚಲಕ್ಕಿ. ಎರಡನ್ನೂ ಒಂದೇ ಹಂಡೆಗೆ ಸುರಿದರೆ ಬೆಳ್ತಿಗೆ ಮುದ್ದೆಯಾಗಿ ಕುಚ್ಚಲಕ್ಕಿ ಕಲ್ಲಿನಂತೆ ಉಳಿಯುತ್ತದೆ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಮಾಡಿ. ವಯಸ್ಸಾದವರು ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಒಂದೇ ಒಲೆಯಲ್ಲಿ ಎಲ್ಲರಿಗೂ ಅಡುಗೆ ಮಾಡುವಾಗ ಕ್ಯಾಲೆಂಡರ್ ನೋಡಲೇಬೇಕು. 2018ರಲ್ಲಿ ಆಗಸ್ಟ್ 22ಕ್ಕೆ ಬಕ್ರೀದ್, 24ಕ್ಕೆ ವರಮಹಾಲಕ್ಷ್ಮಿ, 25ಕ್ಕೆ ತಿರುವೋಣಂ, ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, 8ಕ್ಕೆ ನಮ್ಮದೇ ಮಾತೆಯ ಜನನದ ಹಬ್ಬ. ಕುಸಿತ ಶುರುವಾದದ್ದೇ ಆಗಸ್ಟ್ 15ರ ಮಾತೆಯ ಸ್ವರ್ಗಾರೋಹಣದ ಹಬ್ಬದ ಆಸುಪಾಸಿನಲ್ಲಿ. ಶ್ರಾವಣದಲ್ಲಿ ಮಾಂಸ ಬಿಟ್ಟವರಿದ್ದಾರೆ, ಹಂದಿ ಮುಟ್ಟದವರಿದ್ದಾರೆ, ದನ ಮುಟ್ಟದವರಿದ್ದಾರೆ. ಚರ್ಚ್ ಹಾಲ್‌ನ ಒಲೆಯಲ್ಲಿ ಸಸ್ಯಾಹಾರ ಮಾತ್ರ ಎಂದು ಮೊದಲ ದಿನವೇ ತೀರ್ಮಾನಿಸಿ, ಬೇಕೆಂದರೆ ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ. ಯಾರಾದರೂ ಪ್ರೀತಿಯಿಂದ ಬಿರಿಯಾನಿಯೋ ಪಂದಿಕರಿಯೋ ತಂದುಕೊಟ್ಟರೆ ತಗೊಂಡು ಬೇರೆಡೆ ಬಡಿಸಿ. ಹೊರಗಿನ ಪೊಟ್ಟಣದ ಊಟದ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ನಸುಕಿಗೆ ಮೈಸೂರಿನಲ್ಲಿ ಬಿಸಿಬಿಸಿ ಕಟ್ಟಿದ ಚಿತ್ರಾನ್ನ ಮಡಿಕೇರಿ ಮುಟ್ಟಿ ಕೈಗೆ ಸಿಗುವಾಗ ಮಧ್ಯಾಹ್ನವಾಗಿರುತ್ತದೆ. ಬೇಯಿಸಿ ನಾಲ್ಕು ಗಂಟೆ ದಾಟಿದ ಅನ್ನ, ಅದೂ ಪ್ಲಾಸ್ಟಿಕ್ಕಿನಲ್ಲಿ ಬೆವರಿದ್ದು, ನೂರು ಜನರಿಗೆ ಒಟ್ಟಿಗೆ ಭೇದಿ ತರಿಸಲು ಸಾಕು. ಕಕ್ಕಸು ಎರಡೇ ಇವೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಹಳೇ ಬಟ್ಟೆ. ಇದರ ಬಗ್ಗೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. 2018ರಲ್ಲಿ ಲಾರಿಗಟ್ಟಲೆ ಬಂದು ರಾಶಿ ಬಿದ್ದು ಮಳೆಯಲ್ಲಿ ಕೊಳೆತದ್ದನ್ನು ಎಲ್ಲರೂ ನೋಡಿದ್ದೇವೆ. ಮಂಗಳೂರಿನ ಕಡೆಯ ದಾರಿ ಜೋಡುಪಾಲದ ಹತ್ತಿರ ಮುಚ್ಚಿತ್ತು, ಬಂದದ್ದರಲ್ಲಿ ಹೆಚ್ಚಿನದು ಕುಶಾಲನಗರದ ಕಡೆಯಿಂದಲೇ ಬರಬೇಕಿತ್ತು. ಅಂಥ ಇಕ್ಕಟ್ಟಿನ ದಾರಿಯಲ್ಲಿ ಒಂದು ಲಾರಿ ಹಳೇ ಸೀರೆ ಬಂದರೆ ಒಂದು ಲಾರಿ ಕಂಬಳಿ ಹಿಂದೆ ಉಳಿಯುತ್ತದೆ. ಹಳೇ ಬಟ್ಟೆ ಬೇಡ ಎಂದು ಮುಖ ನೋಡಿ ಹೇಳಲು ಸಂಕೋಚವಾದರೆ ಗೇಟಿಗೆ ಬೋರ್ಡ್ ಬರೆದು ತೂಗುಹಾಕಿ. ಬೇಕಾದವು ಇವು: ಹೊಸ ಒಳ ಉಡುಪು ಅಳತೆವಾರು, ನೈಟಿ, ಲುಂಗಿ, ಪ್ಯಾಡ್, ಕಂಬಳಿ, ಚಾಪೆ, ಮುಚ್ಚಳವಿರುವ ಬಕೆಟ್ ಮತ್ತು ಮಗ್, ಟಾರ್ಚ್, ಗಮ್‌ಬೂಟು. ಗಮ್‌ಬೂಟು 7, 8ರ ಅಳತೆಯದ್ದೇ ಬರುತ್ತದೆ. ಕೆಸರು ಎತ್ತುವವರಲ್ಲಿ ಅರ್ಧಕ್ಕರ್ಧ ಹೆಂಗಸರು, ಅವರಿಗೆ 4, 5 ಬೇಕು.

ಇಷ್ಟೆಲ್ಲ ಮೊದಲ ವಾರದ ಕೆಲಸ, ಮೊದಲ ವಾರ ಕೈಗಳಿಗೆ ಬರವಿಲ್ಲ. ಸಂಘದವರು, ಕಾಲೇಜಿನವರು, ಬೆಂಗಳೂರಿನ ಕಾರುಗಳು, ಕ್ಯಾಮೆರಾಗಳು ಎಲ್ಲವೂ ಇರುತ್ತವೆ. ಮೂರನೇ ವಾರ ಮಳೆ ನಿಲ್ಲುತ್ತದೆ, ಶಾಲೆ ಶುರುವಾಗಬೇಕೆಂದು ಕೇಂದ್ರಗಳು ಮುಚ್ಚುತ್ತವೆ, ಜನ ಕೆಸರು ತುಂಬಿದ ಮನೆಗೆ ವಾಪಸಾಗುತ್ತಾರೆ. ಆಗ ಊರಲ್ಲಿ ಉಳಿಯುವುದು ಊರಿನವರೇ. ಒಂದು ಧರ್ಮಕೇಂದ್ರಕ್ಕೆ, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳಿಗೆ, ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ, ಮತ್ತು ಅದರ ಹತ್ತಿರ ಇರುವ ನಿಜವಾದ ಆಸ್ತಿ ವಾರ್ಡಿನ ಪಟ್ಟಿ. ಯಾವ ಓಣಿಯಲ್ಲಿ ಯಾರ ಮನೆ, ಯಾರ ಮಗ ದುಬೈಯಲ್ಲಿ, ಯಾರ ತಾಯಿ ಹಾಸಿಗೆ ಹಿಡಿದಿದ್ದಾರೆ ಎನ್ನುವುದು ಚರ್ಚಿನ ಆಯಾ ವಾರ್ಡಿನ ಮುಖಂಡರಾದ ಗುರಿಕಾರರಿಗೆ ಗೊತ್ತು. ಆ ಪಟ್ಟಿಯಲ್ಲಿ ಕ್ರೈಸ್ತರ ಮನೆಗಳ ನಡುವೆ ಬಿಟ್ಟುಹೋದ ಮನೆಗಳನ್ನೂ ತುಂಬಿಸಿದರೆ ಕೆಲಸದ ಪಟ್ಟಿ ಸಿದ್ಧ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆಬದಿಯಂಥ ಜಾಗಗಳಲ್ಲಿ ಹತ್ತು ಮನೆಗೆ ನಾಲ್ಕು ಬಗೆಯ ದೇವರು. ಮೇಲಿನ ಮನೆಯ ಕೆಸರು ಎತ್ತದೆ ಕೆಳಗಿನ ಮನೆ ತೊಳೆದರೆ ಪ್ರಯೋಜನವೂ ಇಲ್ಲ.

ಕೆಸರಿನ ತೂಕವನ್ನು ಯಾರೂ ಮೊದಲೇ ಅಂದಾಜು ಮಾಡುವುದಿಲ್ಲ. 10 ಅಡಿಗೆ 12 ಅಡಿಯ ಒಂದು ಕೋಣೆ, ಅರ್ಧ ಅಡಿ ಕೆಸರು. ಅದು 60 ಘನ ಅಡಿ, ಒದ್ದೆ ಮಣ್ಣಿನ ಲೆಕ್ಕದಲ್ಲಿ ಸುಮಾರು 3 ಟನ್. ಒಂದು ಬಾಂಡ್ಲಿಯಲ್ಲಿ 15 ಕಿಲೋ ಹೊತ್ತರೆ ಸುಮಾರು 200 ಸಲ. ಒಂದು ಕೋಣೆಗೆ! ಆರು ಜನರ ತಂಡಕ್ಕೆ ಇದು ಅರ್ಧ ದಿನಕ್ಕಿಂತ ಹೆಚ್ಚು. ಆದ್ದರಿಂದ ಭಾನುವಾರದ ಪೂಜೆ ಮುಗಿಸಿ ನಲವತ್ತು ಜನ ಒಂದೇ ಮನೆಗೆ ನುಗ್ಗುವುದಕ್ಕಿಂತ ಆರಾರು ಜನರ ತಂಡ, ತಂಡಕ್ಕೆ ಎರಡು ಸಲಿಕೆ, ಎರಡು ಗುದ್ದಲಿ, ನಾಲ್ಕು ಬಾಂಡ್ಲಿ ಎಂದು ಹಂಚಿಕೊಳ್ಳಬೇಕು. ಕೆಸರು ಹಸಿ ಇರುವಾಗಲೇ ಎತ್ತಿ. ಎರಡು ದಿನ ಬಿಸಿಲು ಬಿದ್ದರೆ ಅದು ಗಾರೆಯಂತೆ ಕಚ್ಚುತ್ತದೆ, ಆಮೇಲೆ ಹಾರೆ ಬೇಕು. ಎತ್ತಿದ್ದನ್ನು ಮನೆಯ ಹಿಂದಿನ ಇಳಿಜಾರಿಗೆ ಸುರಿಯಬೇಡಿ, ಮುಂದಿನ ಮಳೆಗೆ ಅದೇ ಕೆಳಗಿನ ಮನೆಗೆ ಇಳಿಯುತ್ತದೆ. ಚರಂಡಿಗೂ ಬೇಡ. ಮಣ್ಣಿನ ಗೋಡೆಯ ಮನೆಯಾದರೆ ಒಳಗಿನ ಕೆಸರನ್ನು ಒಂದೇ ಬದಿಯಿಂದ ಪೂರ್ತಿ ತೆಗೆಯಬಾರದು. ಹೊರಗೆ ಒತ್ತಿಕೊಂಡ ಮಣ್ಣು ನೆನೆದ ಗೋಡೆಯನ್ನು ಒಳಕ್ಕೆ ಕೆಡವುತ್ತದೆ. ಒಳಗೂ ಹೊರಗೂ ಸರಿಸಮ ಇಳಿಸಿಕೊಂಡು ಬನ್ನಿ. ಮೇನ್ ಸ್ವಿಚ್ ಆರಿಸಿ, ವೈರ್‌ಮನ್ ಬಂದು ನೋಡುವವರೆಗೆ ಯಾರೂ ಮುಟ್ಟಬಾರದು. ಕೆಸರಿಗಿಳಿಯುವ ಎಲ್ಲರೂ ಮೊದಲು ಆರೋಗ್ಯ ಕೇಂದ್ರದವರನ್ನು ಕೇಳಿ ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವುದು ವಾಡಿಕೆ. ವಾರಕ್ಕೊಮ್ಮೆ 200 ಮಿಲಿಗ್ರಾಂ, ಊಟದ ಮೇಲೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಅದು ಸಲ್ಲ, ಹಾಗಾಗಿ ಚರ್ಚಿನಲ್ಲಿ ಡಬ್ಬಿ ಇಟ್ಟು ಹಂಚಬೇಡಿ.

ಮತ್ತೆ, ಸಲಿಕೆ ಹಾಕುವ ಮೊದಲು ಫೋಟೋ. ನಾಲ್ಕು ಗೋಡೆ, ಮಾಡು, ನೀರಿನ ಗುರುತು, ಮನೆಯವರು ಬಾಗಿಲಲ್ಲಿ ನಿಂತ ಒಂದು. ಸ್ವಚ್ಛ ಮಾಡಿದ ಮನೆಗೆ ಸರ್ವೆಯವರು ಬಂದರೆ ಹಾನಿ ಕಡಿಮೆ ಎಂದು ಬರೆದುಕೊಂಡು ಹೋಗುತ್ತಾರೆ.

ಬಾವಿಗೆ ಬ್ಲೀಚಿಂಗ್ ಪುಡಿ ಕೈಯಳತೆಯಲ್ಲಿ ಎರಚುವುದು ನಮ್ಮಲ್ಲಿ ರೂಢಿ. ಲೆಕ್ಕ ಬಹಳ ಸುಲಭ. ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 22ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 5 ಅಡಿ ವ್ಯಾಸದ ರಿಂಗ್ ಬಾವಿಯಲ್ಲಿ 10 ಅಡಿ ನೀರಿದ್ದರೆ 5,500 ಲೀಟರ್. ಕೆಸರು ನೀರು ನುಗ್ಗಿದ ಬಾವಿಯಾದರೆ ಮೊದಲು ನೀರು ಎತ್ತಿ, ಗೋಡೆ ಉಜ್ಜಿ, ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ 150 ಗ್ರಾಂ ಪುಡಿ, ಅಂದರೆ ಈ ಬಾವಿಗೆ 825 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಸುರಿದು ಒಂದು ರಾತ್ರಿ ಬಿಡಬೇಕು. ಮರುದಿನ ವಾಸನೆ ಹೋಗುವವರೆಗೆ ನೀರು ಎತ್ತಿ ಚೆಲ್ಲಬೇಕು. ಆಮೇಲೆ ದಿನನಿತ್ಯಕ್ಕೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು, ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು. ಕೆಡುವುದು ಎರಡು ಕಡೆ. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಮಳೆಗಾಲದ ತೇವಕ್ಕೆ ಶಕ್ತಿ ಕಳೆದುಕೊಂಡಿರುತ್ತದೆ, ಹೊಸ ಚೀಲವೇ ಬೇಕು. ಇನ್ನೊಂದು, ಸುತ್ತಲಿನ ನೆಲ ನೀರು ತುಂಬಿ ನಿಂತಿರುವಾಗ ಪಂಪಿಟ್ಟು ಬಾವಿಯನ್ನು ಒಮ್ಮೆಗೇ ಬರಿದು ಮಾಡಿದರೆ ಒತ್ತಡಕ್ಕೆ ಗೋಡೆ ಒಳಕ್ಕೆ ಬೀಳುತ್ತದೆ. ನಿಧಾನವಾಗಿ, ಎರಡು ಮೂರು ದಿನ ತೆಗೆದುಕೊಂಡು. ಎಣ್ಣೆಯಿಂದ ಓಡುವ ಪಂಪನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಿ ಓಡಿಸುವುದಂತೂ ಬೇಡ, ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಪರಿಹಾರದ ಕಾಗದದ ಕೆಲಸ, ಎಲ್ಲಕ್ಕಿಂತ ಕಡಿಮೆ ಜನ ಬರುವುದೂ ಅದಕ್ಕೇ. ವಾರದಲ್ಲಿ ಮೂರು ಸಂಜೆ ಹಾಲಿನಲ್ಲಿ ಮೇಜು ಹಾಕಿ, ನಿವೃತ್ತ ಮೇಷ್ಟ್ರೊಬ್ಬರು, ಕಂಪ್ಯೂಟರ್ ಬಲ್ಲ ಹುಡುಗಿಯೊಬ್ಬಳು ಕೂತರೆ ಸಾಕು. ಕೇಂದ್ರ ಸರ್ಕಾರದ 2022–26ರ ವಿಪತ್ತು ಪರಿಹಾರದ ಮಾನದಂಡದಲ್ಲಿ ಗುಡ್ಡಗಾಡಿನಲ್ಲಿ ಪೂರ್ತಿ ಹೋದ ಮನೆಗೆ 1,30,000 ರೂಪಾಯಿ, ಬಯಲಿನಲ್ಲಿ 1,20,000. ರಾಜ್ಯ ಸರ್ಕಾರ ಅದರ ಮೇಲೆ ಸೇರಿಸುವುದುಂಟು. 2019ರಲ್ಲಿ ಪೂರ್ತಿ ಹೋದ ಮನೆಗೆ 5 ಲಕ್ಷ ಕೊಟ್ಟಿತ್ತು. ಕೇಂದ್ರದ ಅದೇ ಮಾನದಂಡದಲ್ಲಿ ಸತ್ತ ಹಾಲು ಕೊಡುವ ಹಸುವಿಗೆ 37,500, ಆದರೆ ಪಶುವೈದ್ಯರ ಪತ್ರ ಬೇಕು. ದುಃಖದಲ್ಲಿ ಮೊದಲು ಹೂತುಬಿಡುತ್ತಾರೆ, ಆಮೇಲೆ ಪತ್ರ ಸಿಗುವುದಿಲ್ಲ. ಗದ್ದೆಗೆ ಹೂಳು ತುಂಬಿದ್ದರೆ 3 ಇಂಚಿಗಿಂತ ಹೆಚ್ಚಿರಬೇಕು, ಅಳತೆಕೋಲು ಚುಚ್ಚಿ ಫೋಟೋ ತೆಗೆಯಿರಿ.

ಕೊಡಗಿನ ಗಂಟು ಬೇರೆಯದೇ. ಜಮ್ಮಾ ಜಾಗದಲ್ಲಿ (ತಲೆತಲಾಂತರದಿಂದ ಮನೆತನಕ್ಕೆ ಬಂದ ಹಿಡುವಳಿ) ಪಹಣಿ ಒಕ್ಕದ, ಅಂದರೆ ಇಡೀ ಮನೆತನದ, ಪಟ್ಟೆದಾರರ ಹೆಸರಲ್ಲಿರುತ್ತದೆ, ಮನೆ ಕಳೆದುಕೊಂಡವರು ಆ ಒಕ್ಕದ ನಾಲ್ಕನೇ ಮನೆಯವರು. ವಂಶವೃಕ್ಷ, ಒಕ್ಕದವರ ಒಪ್ಪಿಗೆ ಪತ್ರ ಇಲ್ಲದೆ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುತ್ತದೆ. ಹೊಳೆದಡದಲ್ಲಿ ಕಟ್ಟಿಕೊಂಡವರಿಗೆ ಹಕ್ಕುಪತ್ರವೇ ಇಲ್ಲ. ಲೈನ್ ಮನೆಯವರಿಗಂತೂ ಮನೆ ತೋಟದ ಮಾಲೀಕರದ್ದು, ಕರೆಂಟ್ ಬಿಲ್ಲೂ ಅವರದ್ದೇ. ಅವರಿಗೆ ಸಿಗಬಹುದಾದದ್ದು ಬಟ್ಟೆ, ಪಾತ್ರೆಯ ಪರಿಹಾರ, ಅದೇ ಮಾನದಂಡದಲ್ಲಿ ಒಂದು ಕುಟುಂಬಕ್ಕೆ ಬಟ್ಟೆಗೆ 2,500, ಪಾತ್ರೆಗೆ 2,500. ಅದಕ್ಕೂ ಇಲ್ಲೇ ವಾಸವಿದ್ದರು ಎಂದು ತೋರಿಸಬೇಕು. ಪಡಿತರ ಚೀಟಿ ಕೊಚ್ಚಿಹೋಗಿದ್ದರೆ ಅಂಗನವಾಡಿಯ ಪುಸ್ತಕ, ಆಶಾ ಕಾರ್ಯಕರ್ತೆಯ ಮನೆಪಟ್ಟಿ, ಶಾಲೆಯ ದಾಖಲಾತಿ, ತೋಟದವರ ಪತ್ರ, ಮತ್ತು ಮೊದಲೇ ಹೇಳಿದ ಆ ನೋಟ್‌ಬುಕ್ಕು. ತೋಟದ ಮಾಲೀಕರು ನಮ್ಮದೇ ಚರ್ಚಿನ ಮುಂದಿನ ಬೆಂಚಿನವರಾಗಿದ್ದರೆ ಪತ್ರ ಕೇಳಲು ಗುರಿಕಾರರೇ ಹೋಗಲಿ, ಕೂಲಿಯವರನ್ನು ಕಳಿಸಬೇಡಿ.

ದುಡ್ಡಿನ ಬಗ್ಗೆ ಚುಟುಕಾಗಿ. ಪೂಜೆಯಲ್ಲಿ ಪರಿಹಾರಕ್ಕೆಂದೇ ಎತ್ತಿದ ಎರಡನೇ ಕಾಣಿಕೆಗೆ ಬೇರೆ ಖಾತೆ ಇರಲಿ, ಪ್ರತಿ ಭಾನುವಾರ ಬಂದದ್ದು ಹೋದದ್ದು ಬಾಗಿಲ ಬೋರ್ಡಿಗೆ ಅಂಟಿಸಿ. ಗಲ್ಫಿನಲ್ಲಿರುವ ನಮ್ಮ ಹುಡುಗರು ಭಾರತದ ಪಾಸ್‌ಪೋರ್ಟಿನವರಾಗಿದ್ದು, ತಮ್ಮ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದ ನೆಂಟರು ಕಳಿಸಿದರೆ ಆಗುತ್ತದೆ. ಅದನ್ನು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ ಪಡೆಯಬಹುದು, ಪಡೆದು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಸಹಾಯದ ಭರದಲ್ಲಿ ಫಾದರ್ ಅವರ ಸ್ವಂತ ಖಾತೆಯ ನಂಬರನ್ನು ವಾಟ್ಸಾಪಿಗೆ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಕಿಟ್ಟಿನ ಚೀಲದೊಳಗೆ ಪ್ರಾರ್ಥನೆಯ ಚೀಟಿ ಹಾಕಬೇಡಿ, ಕೊಡುವಾಗ ಬ್ಯಾನರ್ ಹಿಡಿದು ಫೋಟೋ ಬೇಡ. ಪೂಜೆಯ ಗಂಟೆ ಹೊಡೆಯಲಿ, ಬರುವವರು ಬರುತ್ತಾರೆ. ಹಾಲಿನಲ್ಲಿ ನಮಾಜಿಗೆ ಒಂದು ಮೂಲೆ, ದೀಪ ಹಚ್ಚುವವರಿಗೆ ಒಂದು ಕಿಟಕಿಕಟ್ಟೆ ಬಿಟ್ಟುಕೊಟ್ಟರಾಯಿತು.

ನೆರೆ ಬಂದ ವರ್ಷ ಮಾಡಿಗೆ ಕಟ್ಟಿಕೊಟ್ಟ ಟಾರ್ಪಾಲು ಎರಡನೇ ಮಳೆಗಾಲ ಕಾಣುವುದಿಲ್ಲ, ಬೇಸಿಗೆಯ ಬಿಸಿಲಿಗೇ ಪುಡಿಪುಡಿಯಾಗುತ್ತದೆ. ಕಾಫಿ ಕೊಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸಿರುವ ಫೆಬ್ರವರಿ, ಮಾರ್ಚಿನಲ್ಲಿ ಮಾಡಿಗೆ ಶೀಟು ಹಾಕಿಸಬೇಕು. ಕೂಲಿ ಚರ್ಚಿನದ್ದು, ಶೀಟು ಅರ್ಧ ಅವರದ್ದು ಎಂದರೆ ಒಪ್ಪುತ್ತಾರೆ. ಮೇ ಕೊನೆಯಲ್ಲಿ ಗುರಿಕಾರರು ಪಟ್ಟಿ ಹಿಡಿದು ಇನ್ನೊಂದು ಸುತ್ತು ಹೋಗಲಿ. ತಡೆಗೋಡೆಯ ತೂತುಗಳಿಗೆ ಕಂಬಿ ಹಾಕಿ ಮಣ್ಣು ತೆಗೆಸಿ, ಹಂಡೆಗಳನ್ನು ಎಣಿಸಿ. ಹಾಲಿನ ಬೀಗದ ಕೈ ಮೂರು ಮಾಡಿಸಿ: ಒಂದು ಫಾದರ್ ಹತ್ತಿರ, ಒಂದು ಕಾನ್ವೆಂಟಿನಲ್ಲಿ, ಇನ್ನೊಂದು ಗೇಟಿನೆದುರಿನ ಅಂಗಡಿಯ ಕಾಕನ ಹತ್ತಿರ. ರಾತ್ರಿ ಎರಡು ಗಂಟೆಗೆ ಎದ್ದಿರುವವರು ಅವರೊಬ್ಬರೇ.